ಫೋರ್ಟ್ ಮೆಕ್‌ಮರಿಗೆ ಹೊರಟಿದ್ದೇವೆ: ಚಳಿ, ಹೊಗೆ, ಮತ್ತೆ ಅಪ್ಪ ಕೇಳಿದ ಒಂದು ಪ್ರಶ್ನೆ

ತುಂಗೆದಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಕೆನಡಾದ ಆಲ್ಬರ್ಟದಲ್ಲಿರುವ ಫೋರ್ಟ್ ಮೆಕ್‌ಮರಿಯಲ್ಲಿ ಕೆಲಸ ಸಿಕ್ಕಿದೆ. ಪಂಪ್ ರಿಪೇರಿ, ಮೇಂಟೆನೆನ್ಸ್ ಕೆಲಸ. ಅಕ್ಟೋಬರ್ ಕೊನೆಗೆ ಹೊರಡಬೇಕು. ಹೆಂಡತಿ ಮತ್ತು ಮೂರು ವರ್ಷದ ಮಗಳು ಜೊತೆಗೇ ಬರುತ್ತಾರೆ.

ಮ್ಯಾಪ್ ತೆಗೆದು ನೋಡಿದರೆ ಊರಿನ ಸುತ್ತ ನೂರಾರು ಕಿಲೋಮೀಟರ್ ಬರೀ ಕಾಡು. ಸ್ಕೂಲಿನಲ್ಲಿ ಟೈಗಾ ಎಂದು ಓದಿದ್ದು ಇದೇ ಅಲ್ವಾ? ಅಲ್ಲಿಯವರು ಬೋರಿಯಲ್ ಕಾಡು ಎನ್ನುತ್ತಾರಂತೆ. ಮೈನಸ್ 40ರಲ್ಲಿ ಚಿಕ್ಕ ಮಗುವನ್ನು ಇಟ್ಟುಕೊಂಡು ಹೇಗೆ ಬದುಕುತ್ತೀರಿ? ನಾನು ಕಂಡ ಚಳಿ ಎಂದರೆ ಆಗುಂಬೆಯ ಮಳೆಗಾಲದ್ದು, ಅಷ್ಟೇ. ಮಗಳಿಗೆ ಸ್ವಲ್ಪ ಉಬ್ಬಸ ಇದೆ. ಕಾಡ್ಗಿಚ್ಚಿನ ಹೊಗೆ ಬಗ್ಗೆ ಓದಿ ಹೆಂಡತಿಗೆ ದಿಗಿಲಾಗಿದೆ.

ಇನ್ನೊಂದು ವಿಷಯ. ಅಪ್ಪ ಅಡಿಕೆ ತೋಟದವರು. ಎಂಬತ್ತರ ದಶಕದಲ್ಲಿ ನಮ್ಮೂರ ಕಾಡು ಸವರಿ ಅಕೇಶಿಯ ನೆಡಲು ಬಂದಾಗ ಅಡ್ಡ ನಿಂತವರಲ್ಲಿ ಅವರೂ ಒಬ್ಬರು. ಮೊನ್ನೆ ಊಟಕ್ಕೆ ಕೂತಾಗ ಕೇಳಿದರು: "ಕಾಡು ತೆಗೆದು ಎಣ್ಣೆ ತೆಗೆಯೋ ಊರಂತಲ್ಲೋ ಅದು. ಆ ಕಾಡು ಮತ್ತೆ ಬರುತ್ತೇನೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿ ಇದ್ದವರು ಯಾರಾದರೂ ನಿಜ ಹೇಳಿ. ಹೋಗಬೇಡಿ ಎಂದರೂ ಬೇಜಾರಿಲ್ಲ.

ಹಳೇಬೀಡು_ಹಿಮ:

ನಾನು ಸಾಸ್ಕಟೂನ್‌ನಲ್ಲಿದ್ದೇನೆ, ನಿಮಗಿಂತ ದಕ್ಷಿಣಕ್ಕೆ. ಕಾರಿನ ವಿಷಯ ಮಾತ್ರ ಹೇಳುತ್ತೇನೆ. ಬ್ಲಾಕ್ ಹೀಟರ್ (ಇಂಜಿನ್ ಬೆಚ್ಚಗಿಡುವ ಸಾಧನ) ಇರುವ ಕಾರನ್ನೇ ಕೊಳ್ಳಿ. ಮೈನಸ್ 15, 20 ದಾಟಿದ ಮೇಲೆ ರಾತ್ರಿ ಅದನ್ನು ಕರೆಂಟಿಗೆ ಸಿಕ್ಕಿಸಬೇಕು, ಇಲ್ಲಿ ಇದಕ್ಕೆ ಪ್ಲಗ್ ಇನ್ ಎನ್ನುತ್ತಾರೆ. ಡಿಕ್ಕಿಯಲ್ಲಿ ಸಲಿಕೆ, ದಪ್ಪ ಕಂಬಳಿ, ಮೇಣದಬತ್ತಿ, ಬೆಂಕಿಪೊಟ್ಟಣ, ತಿನ್ನಲು ಏನಾದರೂ ಸದಾ ಇರಲಿ. ಹಿಮದಲ್ಲಿ ದಾರಿ ಮಧ್ಯೆ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಗಂಟೆಗೆ ಹತ್ತು ನಿಮಿಷದ ಮಟ್ಟಿಗೆ ಇಂಜಿನ್ ಹಾಕಿ. ಅದಕ್ಕೂ ಮೊದಲು ಸೈಲೆನ್ಸರ್ ಬಾಯಿಗೆ ಹಿಮ ತುಂಬಿದೆಯಾ ನೋಡಿ ತೆಗೆಯಿರಿ, ಕಿಟಕಿ ಒಂದಿಷ್ಟು ತೆರೆದಿಡಿ. ಇಲ್ಲದಿದ್ದರೆ ವಿಷಗಾಳಿ ಒಳಗೇ ಬರುತ್ತದೆ. ಮಗುವಿಗೆ ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿನ ಬೆಲ್ಟ್ ಬಿಗಿಯಬೇಡಿ, ಬೆಲ್ಟ್ ಸಡಿಲ ನಿಲ್ಲುತ್ತದೆ. ಬೆಲ್ಟ್ ಹಾಕಿ, ಮೇಲೆ ಹೊದಿಕೆ ಹೊದಿಸಿ.

ಬೆಟ್ಟದಸೊಪ್ಪು:

ತಮ್ಮ, ನಾನು ಶಿರಸಿಯವಳು. ಫೋರ್ಟ್ ಮ್ಯಾಕ್‌ಗೆ (ಊರವರು ಹೀಗೇ ಕರೆಯುವುದು) ಬಂದು 12 ವರ್ಷವಾಯಿತು. ಟಿಂಬರ್‌ಲೀ ಬಡಾವಣೆಯ ಒಂದು ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಯಜಮಾನರು ಎಣ್ಣೆ ಗಣಿಯ ಸೈಟ್‌ನಲ್ಲಿ ಮಣ್ಣು ಹೊರುವ ದೊಡ್ಡ ಟ್ರಕ್ ಓಡಿಸುತ್ತಾರೆ. ಹಾಗಾಗಿ ನಿಮ್ಮ ಅಪ್ಪನ ಪ್ರಶ್ನೆ ನನ್ನ ಮನೆಯ ಪ್ರಶ್ನೆಯೂ ಹೌದು. ಅದಕ್ಕೆ ಕೊನೆಗೆ ಬರುತ್ತೇನೆ.

ಚಳಿಗೆ ಹೆದರಬೇಡಿ. ಅದು ದೊಡ್ಡದೇ, ಆದರೆ ಹೇಳಿ ಬರುತ್ತದೆ. ಬಟ್ಟೆ ಒಂದರ ಮೇಲೊಂದು ಹಾಕಿ, ಮೈಗೆ ತಾಗುವುದು ಮಾತ್ರ ಹತ್ತಿ ಆಗಿರಬಾರದು. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ಅದೇ ಮೈಯನ್ನು ತಣ್ಣಗೆ ಮಾಡುವುದು. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ನಮ್ಮ ಕಡೆ ಮಳೆಯಲ್ಲಿ ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಮಗಳಿಗೆ ಬೆರಳು ಬಿಡಿಬಿಡಿಯಾದ ಗ್ಲೌಸ್ ಬೇಡ, ಬೆರಳೆಲ್ಲ ಒಟ್ಟಿಗೆ ಇರುವ ಮಿಟ್ಸ್ ತೆಗೆದುಕೊಳ್ಳಿ. ಗಾಳಿ ಸೇರಿ ಮೈನಸ್ 40 ಆದ ದಿನ ತೆರೆದಿಟ್ಟ ಚರ್ಮ 5ರಿಂದ 10 ನಿಮಿಷಕ್ಕೆ ಮರಗಟ್ಟುತ್ತದೆ. ಕೆನ್ನೆ, ಕಿವಿ, ಮೂಗಿನ ತುದಿ ಬೆಳ್ಳಗಾದರೆ ಉಜ್ಜಬೇಡಿ. ಒಳಗೆ ಕರೆದು ನಿಮ್ಮ ಬೆಚ್ಚಗಿನ ಅಂಗೈ ಸುಮ್ನೆ ಅದರ ಮೇಲೆ ಇಟ್ಟು ಕೂತುಕೊಳ್ಳಿ. ಡಿಸೆಂಬರಿನಲ್ಲಿ ಹಗಲು ಸುಮಾರು 7 ಗಂಟೆ ಮಾತ್ರ. ಬಂದ ಮೊದಲ ವರ್ಷ ನನಗೆ ಚಳಿಗಿಂತ ಆ ಕತ್ತಲೆಯೇ ಜಾಸ್ತಿ ಕಷ್ಟವಾಯಿತು. ಡಾಕ್ಟರನ್ನು ಕೇಳಿ ಎಲ್ಲರೂ ವಿಟಮಿನ್ ಡಿ ಶುರು ಮಾಡಿ.

ನನಗೆ ಈ ಕಾಡನ್ನು ಕಲಿಸಿದವರು ಪಕ್ಕದ ಮನೆಯ ಕ್ರೀ ಅಜ್ಜಿ, ಕ್ರೀಗಳು ಇಲ್ಲಿಯ ಮೂಲನಿವಾಸಿಗಳು. ಕ್ರೀ ಭಾಷೆಯಲ್ಲಿ ಅಜ್ಜಿಗೆ ಕೋಕುಮ್ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ಮನೆ ಹಿಂದಿನ ಮುರುಗಲು (ಕೋಕಂ) ಮರ ನೆನಪಾಗಿ ಕಣ್ಣು ತುಂಬಿತ್ತು. ಅವರ ಮೊಮ್ಮಗ ನಮ್ಮ ಡೇಕೇರ್‌ಗೆ ಬರುತ್ತಿದ್ದ. ಒಂದು ಭಾನುವಾರ ನಮ್ಮಿಬ್ಬರನ್ನೂ ಕಾಡಿಗೆ ಕರೆದುಕೊಂಡು ಹೋದರು. ಬರ್ಚ್ ತೊಗಟೆ ಒದ್ದೆಯಿದ್ದರೂ ಹತ್ತಿಕೊಳ್ಳುತ್ತದೆ, ಅದರಲ್ಲಿ ಎಣ್ಣೆ ಇದೆ. ಸೂಜಿ ಎಲೆಯ ಸ್ಪ್ರೂಸ್ ಮರದ ಬುಡದಲ್ಲಿ ಒಣಗಿ ನಿಂತ ಸಣ್ಣ ಕಡ್ಡಿಗಳೇ ಪುರಳೆ. ರಾತ್ರಿ ಸಿಕ್ಕಿಕೊಂಡರೆ ಹಿಮದ ಮೇಲೆ ಮಲಗಬಾರದು, ಸ್ಪ್ರೂಸ್ ಸೊಪ್ಪನ್ನು ಮೊಣಕಾಲೆತ್ತರ ಹಾಸಬೇಕು, ಏಕೆಂದರೆ ಮೇಲಿನ ಗಾಳಿಗಿಂತ ಕೆಳಗಿನ ನೆಲ ಮೈಯ ಶಾಖವನ್ನು ಬೇಗ ಎಳೆಯುತ್ತದೆ. ಮೊಲ ಧಾರಾಳ ಸಿಗುತ್ತದೆ, ಆದರೆ ಬರೀ ಮೊಲ ತಿಂದರೆ ಹೊಟ್ಟೆ ತುಂಬಿದರೂ ಮನುಷ್ಯ ಸೊರಗಿ ಸಾಯುತ್ತಾನೆ, ಅದರಲ್ಲಿ ಕೊಬ್ಬಿಲ್ಲ ಎಂದರು. ನಾನು ಮಾಂಸ ತಿನ್ನುವವಳಲ್ಲ. ಆದರೂ ಆ ಮಾತು ತುಪ್ಪದ ಡಬ್ಬಿ ತೆರೆದಾಗಲೆಲ್ಲ ನೆನಪಾಗುತ್ತದೆ. ಚಳಿಯಲ್ಲಿ ಮಗಳಿಗೆ ತುಪ್ಪ ಕಡಿಮೆ ಮಾಡಬೇಡಿ.

ನೆಲದ ಬಗ್ಗೆಯೂ ಅವರೇ ಹೇಳಿದ್ದು. ಇಲ್ಲಿ ಅರ್ಧಕ್ಕರ್ಧ ನೆಲ ಮಸ್ಕೆಗ್. ಅಂದರೆ ಪಾಚಿ ಬೆಳೆದು, ಸತ್ತು, ಕೊಳೆಯದೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತ ಜವುಗು. ವರ್ಷಕ್ಕೆ ಒಂದು ಮಿಲಿಮೀಟರ್ ಏರಿದರೆ ಹೆಚ್ಚು. ಬೇಸಿಗೆಯಲ್ಲಿ ಕಾಲಿಟ್ಟರೆ ಮೊಣಕಾಲು ಮುಳುಗುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಲಾರಿ ಹೋಗುತ್ತದೆ. ಉತ್ತರದ ಫೋರ್ಟ್ ಚಿಪವಾಯನ್‌ಗೆ ಹೀಗೆ ಚಳಿಗಾಲಕ್ಕೆ ಮಾತ್ರ ರಸ್ತೆ ಇರುತ್ತದೆ. ಚಳಿ ಕಡಿಮೆಯಾದಷ್ಟೂ ಆ ರಸ್ತೆಯ ದಿನಗಳು ಕಡಿಮೆ, ಸಾಮಾನು ಸಾಗಿಸುವುದು ಕಷ್ಟ. ಅಲ್ಲಿಯವರಿಗೆ ಚಳಿ ಬೇಕು ತಮ್ಮ.

ಈಗ ಬೆಂಕಿ. ಇದನ್ನು ನಿಧಾನವಾಗಿ ಹೇಳುತ್ತೇನೆ.

2016ರ ಮೇ 3, ಮಂಗಳವಾರ. ಎರಡು ದಿನದ ಹಿಂದೆಯೇ ಊರಿನ ನೈಋತ್ಯಕ್ಕೆ ಬೆಂಕಿ ಬಿದ್ದಿತ್ತು. ಆವತ್ತು ಬೆಳಿಗ್ಗೆ ಮಾತ್ರ ಆಕಾಶ ನೀಲಿ, ಹೊಗೆಯೇ ಇಲ್ಲ. ಮಕ್ಕಳನ್ನು ಅಂಗಳಕ್ಕೆ ಬಿಟ್ಟಿದ್ದೆವು. ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಮೇಲೆ ಕೂತು ಹೊಗೆಯನ್ನು ಕೆಳಗೇ ಒತ್ತಿಹಿಡಿದಿತ್ತು ಎಂದು ಆಮೇಲೆ ತಿಳಿಯಿತು. ಮಧ್ಯಾಹ್ನ ಆ ಮುಚ್ಚಳ ತೆರೆಯಿತು. ಬಿಸಿ 32 ಡಿಗ್ರಿ ದಾಟಿತ್ತು, ಮೇ ತಿಂಗಳಿಗೆ ಇಲ್ಲಿ ಅದು ಅತಿ ಜಾಸ್ತಿ. ಊಟ ಮುಗಿಸಿ ಮಕ್ಕಳು ಮಲಗುವ ಹೊತ್ತಿಗೆ ದಕ್ಷಿಣದ ಆಕಾಶ ಕಿತ್ತಳೆ, ಆಮೇಲೆ ಕಪ್ಪು. ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಓಡಿ ಬಂದು ನಿದ್ದೆಯಲ್ಲಿದ್ದ ಮಕ್ಕಳನ್ನು ಎತ್ತಿಕೊಂಡು ಹೋದರು. ಕೊನೆಗೆ ಉಳಿದವನು ಕೋಕುಮ್‌ನ ಮೊಮ್ಮಗ. ಅವರು ಬರುವವರೆಗೂ ಅವನಿಗೆ "ಗುಬ್ಬಿ ಗುಬ್ಬಿ" ಎಂದು ಏನೋ ಹಾಡುತ್ತಾ ಕೂತಿದ್ದೆ. ನನ್ನ ಕೈ ನಡುಗುತ್ತಿತ್ತು.

ದಕ್ಷಿಣಕ್ಕೆ ಹೋಗಲು ಇರುವುದು 63ನೇ ಹೆದ್ದಾರಿ ಒಂದೇ. ಎಡ್ಮಂಟನ್ ಅಲ್ಲಿಂದ ಸುಮಾರು 435 ಕಿಲೋಮೀಟರ್. ಆ ದಾರಿಗೆ ಬೆಂಕಿ ಬಂದಾಗ ನಮ್ಮ ಬಡಾವಣೆಯವರನ್ನು ಉತ್ತರಕ್ಕೆ, ಕೆಲಸಗಾರರ ಕ್ಯಾಂಪುಗಳಿಗೆ ಕಳಿಸಿದರು. ಉತ್ತರಕ್ಕೆ ಹೋದರೆ ಮುಂದೆ ದಾರಿಯೇ ಇಲ್ಲ, ಅದು ನಮಗೆಲ್ಲ ಗೊತ್ತಿತ್ತು. ಮೂರು ರಾತ್ರಿ ಕ್ಯಾಂಪಿನಲ್ಲಿ. ಮೇ 6ರಂದು ಐವತ್ತೈವತ್ತು ಗಾಡಿಗಳ ಸಾಲು ಮಾಡಿ, ಪೊಲೀಸರು ಹಿಂದೆ ಮುಂದೆ, ಮೇಲೆ ಹೆಲಿಕಾಪ್ಟರ್, ಸುಟ್ಟ ಊರಿನ ನಡುವಿನಿಂದಲೇ ದಕ್ಷಿಣಕ್ಕೆ ದಾಟಿಸಿದರು. ಬೀಕನ್ ಹಿಲ್ ಬಡಾವಣೆ ಹೆದ್ದಾರಿಯಿಂದ ಕಾಣುತ್ತದೆ. ಮನೆಗಳ ಜಾಗದಲ್ಲಿ ಬರೀ ಬುನಾದಿ ಗುಂಡಿಗಳು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಊರು ಬಿಟ್ಟವರು ಸುಮಾರು 88,000 ಜನ. ಬೆಂಕಿಯಲ್ಲಿ ಸಿಕ್ಕಿ ಒಬ್ಬರೂ ಸಾಯಲಿಲ್ಲ. ಊರು ಬಿಡುವಾಗ ದಾರಿಯಲ್ಲಿ ಕಾರು ಅಪಘಾತವಾಗಿ ಇಬ್ಬರು ಎಳೆಯರು ತೀರಿಕೊಂಡರು. ಸುಮಾರು 2,400 ಕಟ್ಟಡ ಹೋದವು, ಕಾಡು ಸುಮಾರು 5,90,000 ಹೆಕ್ಟೇರ್. ಬೆಂಕಿ ಅಥಾಬಾಸ್ಕ ನದಿಯನ್ನೇ ದಾಟಿತು. ಪೂರ್ತಿ ಆರಿದೆ ಎಂದು ಹೇಳಿದ್ದು ಮುಂದಿನ ವರ್ಷ, 2017ರ ಆಗಸ್ಟ್‌ನಲ್ಲಿ. ಮಸ್ಕೆಗ್ ಒಣಗಿದರೆ ಬೆಂಕಿ ನೆಲದೊಳಗೆ ಇಳಿದು, ಮೇಲೆ ಹಿಮ ಬಿದ್ದರೂ ಒಳಗೊಳಗೇ ಉರಿಯುತ್ತಿರುತ್ತದೆ.

ಜೂನ್ ಮೊದಲ ವಾರ ವಾಪಸ್ ಬಂದೆವು. ನಮ್ಮ ಮನೆ ಉಳಿದಿತ್ತು. ಆದರೆ ತಿಂಗಳು ಕರೆಂಟಿಲ್ಲದೆ ಫ್ರಿಜ್ ಒಳಗೆ ಎಲ್ಲ ಕೊಳೆತಿತ್ತು. ಬಾಗಿಲು ತೆರೆಯದೆ ಸುತ್ತ ಟೇಪ್ ಸುತ್ತಿ ರಸ್ತೆ ಬದಿಗೆ ಇಡಬೇಕೆಂದು ಹೇಳಿದರು. ಬೀದಿ ಉದ್ದಕ್ಕೂ ಪ್ರತಿ ಮನೆ ಮುಂದೆ ಟೇಪ್ ಸುತ್ತಿದ ಒಂದೊಂದು ಫ್ರಿಜ್. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಅದರೊಳಗೇ ಹೋಯಿತು.

ಯಾಕೆ ಮೇ ತಿಂಗಳು ಎಂದು ಕೇಳುತ್ತೀರಿ. ಹಿಮ ಕರಗಿರುತ್ತದೆ, ಹಸಿರು ಇನ್ನೂ ಬಂದಿರುವುದಿಲ್ಲ. ಹಳೆ ಹುಲ್ಲು, ಒಣ ಎಲೆ, ನೀರು ಕಡಿಮೆಯಾದ ಸ್ಪ್ರೂಸ್ ಎಲೆ, ಎಲ್ಲವೂ ಬೆಂಕಿಗೆ ಕಾದು ಕೂತಿರುತ್ತವೆ. ಕಪ್ಪು ಸ್ಪ್ರೂಸ್‌ನ ಕೊಂಬೆಗಳು ನೆಲದವರೆಗೂ ಇಳಿದಿರುತ್ತವೆ, ಬೆಂಕಿಗೆ ಏಣಿ ಇಟ್ಟ ಹಾಗೆ. ಕೋಕುಮ್ ಹೇಳುವ ಪ್ರಕಾರ ಅವರ ಹಿರಿಯರು ಹಿಮ ಪೂರ್ತಿ ಕರಗುವ ಮೊದಲೇ ಹುಲ್ಲುಗಾವಲು, ನಡೆದಾಡುವ ಹಾದಿಯ ಅಂಚುಗಳನ್ನು ತಾವೇ ಸುಡುತ್ತಿದ್ದರು. ಸುತ್ತ ಕಾಡಿನಲ್ಲಿ ಇನ್ನೂ ಹಿಮ ಇರುತ್ತಿದ್ದರಿಂದ ಬೆಂಕಿ ದಾಟುತ್ತಿರಲಿಲ್ಲ. ಸರ್ಕಾರ ಬಂದು ಅದನ್ನು ಅಪರಾಧ ಮಾಡಿತು. ಬೆಂಕಿ ಎಲ್ಲಿ ಬಿದ್ದರೂ ಆರಿಸುವುದೇ ನಿಯಮವಾಯಿತು. ಊರಿನ ಸುತ್ತ ಮುದಿ ಸ್ಪ್ರೂಸ್ ಒತ್ತೊತ್ತಾಗಿ ನಿಂತಿತು. ನನಗೆ ಕೋಪ ಬರುವುದು ಇದಕ್ಕೆ. ಗೊತ್ತಿದ್ದವರನ್ನು ಕೇಳಬಹುದಿತ್ತು.

ನೀವು ಮಾಡಬೇಕಾದದ್ದು ಇಷ್ಟು. ಮನೆ ಹುಡುಕುವಾಗ ಗೋಡೆಯಿಂದ 10 ಮೀಟರ್ ಒಳಗೆ ಸ್ಪ್ರೂಸ್, ಪೈನ್ ಇಲ್ಲದ ಮನೆ ನೋಡಿ. ಆಸ್ಪೆನ್ ಇದ್ದರೆ ಒಳ್ಳೆಯದು, ಹಸಿ ಎಲೆಯ ಮರ ಸುಲಭಕ್ಕೆ ಹತ್ತುವುದಿಲ್ಲ. ಸೂರಿನ ದೋಣಿಯಲ್ಲಿ ತರಗೆಲೆ ಉಳಿಸಬೇಡಿ, ಮನೆಗಳು ಹೆಚ್ಚಾಗಿ ಹತ್ತುವುದು ಹಾರಿ ಬಂದ ಕೆಂಡದಿಂದ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಪಾಸ್‌ಪೋರ್ಟ್, ಮಗಳ ಔಷಧಿ, ಇನ್‌ಹೇಲರ್ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ಹೊಗೆಗೆ ಮಗಳ ಕೋಣೆಯಲ್ಲಿ ಗಾಳಿ ಸೋಸುವ ಹೆಪಾ ಫಿಲ್ಟರ್ ಇಟ್ಟು, ಕಿಟಕಿ ಮುಚ್ಚಿ. ಗಾಳಿಯ ಮಟ್ಟವನ್ನು ಇಲ್ಲಿ 1ರಿಂದ 10ರವರೆಗೆ ಹೇಳುತ್ತಾರೆ, 10 ದಾಟುವ ದಿನಗಳೂ ಇವೆ. ಅಂಥ ದಿನ ಡೇಕೇರ್‌ನಲ್ಲಿ ನಾವು ಮಕ್ಕಳನ್ನು ಹೊರಗೇ ಬಿಡುವುದಿಲ್ಲ. ಇದನ್ನು ಮುಚ್ಚಿಡಲಾರೆ: 2024ರ ಮೇ ತಿಂಗಳಲ್ಲೂ ಊರಿನ ದಕ್ಷಿಣದ ಬಡಾವಣೆಗಳನ್ನು ಖಾಲಿ ಮಾಡಿಸಿದರು. ಉಬ್ಬಸ ಜೋರಾಗಿದ್ದರೆ ಬರುವ ಮೊದಲು ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಕೂತು ಮಾತಾಡಿ.

ಇನ್ನು ಅಪ್ಪನ ಪ್ರಶ್ನೆ. ಸುಟ್ಟ ಕಾಡು ಬರುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಜ್ಯಾಕ್ ಪೈನ್‌ನ ಕಾಯಿ ಅಂಟಿನಿಂದ ಮುಚ್ಚಿಕೊಂಡಿರುತ್ತದೆ, ಬೆಂಕಿಯ ಶಾಖಕ್ಕೇ ಅದು ಬಿರಿದು ಬೀಜ ಉದುರುವುದು. ಆದರೆ ಗಣಿಗೆ ತೆಗೆದ ಜಾಗ ಬೇರೆ. ಅಲ್ಲಿ ಮರದ ಜೊತೆಗೆ ಮಸ್ಕೆಗ್ಗನ್ನೂ ಕೆರೆದು ತೆಗೆಯುತ್ತಾರೆ. ಕೆಳಗಿನ ಮರಳಿಗೆ ಅಂಟಿಕೊಂಡ ಕಪ್ಪು ಟಾರಿನಿಂದಲೇ ಎಣ್ಣೆ ತೆಗೆಯುವುದು. ಆ ಟಾರು ಇಲ್ಲಿಯವರಿಗೆ ಹೊಸದಲ್ಲ. ಕ್ರೀಗಳು ಸ್ಪ್ರೂಸ್ ಅಂಟಿನ ಜೊತೆ ಕಾಯಿಸಿ ಬರ್ಚ್ ತೊಗಟೆಯ ದೋಣಿಗೆ ಮೆತ್ತುತ್ತಿದ್ದರು. 18ನೇ ಶತಮಾನದ ಕೊನೆಗೆ ಈ ದಾರಿಯಲ್ಲಿ ಬಂದ ತುಪ್ಪಳ ವ್ಯಾಪಾರಿ ಅಲೆಕ್ಸಾಂಡರ್ ಮೆಕೆಂಝಿ ಅದನ್ನು ಬರೆದಿಟ್ಟಿದ್ದಾನೆ. ದೋಣಿಗೆ ಬೇಕಾದಷ್ಟು ತೆಗೆಯುವುದಕ್ಕೂ ಈಗ ತೆಗೆಯುವುದಕ್ಕೂ ಎಲ್ಲಿಂದೆಲ್ಲಿಗೆ? ಮರಳು ತೊಳೆದ ನೀರು ದೊಡ್ಡ ಕೆರೆಗಳಾಗಿ ನಿಂತಿದೆ, ಟೇಲಿಂಗ್ಸ್ ಪಾಂಡ್ ಎನ್ನುತ್ತಾರೆ. ಹಕ್ಕಿ ಇಳಿಯದಿರಲಿ ಎಂದು ಹಗಲೂ ರಾತ್ರಿ ಢಂ ಎನ್ನುವ ಗ್ಯಾಸ್ ತುಪಾಕಿ, ನಮ್ಮಲ್ಲಿ ತೋಟದ ಮಂಗ ಓಡಿಸಲು ಗರ್ನಾಲು ಹೊಡೆಯುವಂತೆ. 2008ರ ಏಪ್ರಿಲ್‌ನಲ್ಲಿ ಅಂಥ ಒಂದು ಕೆರೆಗೆ ಇಳಿದ ಸುಮಾರು 1,600 ಬಾತುಕೋಳಿಗಳು ಸತ್ತವು. ಯಜಮಾನರ ಟ್ರಕ್ಕಿನ ಸಂಬಳದಲ್ಲೇ ನಮ್ಮ ಅಕ್ಕಿ ಬರುವುದು. ಹಾಗೆಂದು ನಾನು ಇದನ್ನು ಸರಿ ಎನ್ನಲಾರೆ. ಊರು ಬಿಟ್ಟು ಹೋಗಲೂ ಆಗಿಲ್ಲ.

ಪೊನ್ನಂಪೇಟೆ_ಫಾರೆಸ್ಟ್ರಿ:

ಅಕ್ಕ ಗಣಿ ಬಗ್ಗೆ ಹೇಳಿದರು. ನಾನು ಇನ್ನೊಂದನ್ನು ಸೇರಿಸುತ್ತೇನೆ, ಏಕೆಂದರೆ ಎರಡು ಚಳಿಗಾಲ ಅದೇ ಕೆಲಸ ಮಾಡಿದ್ದೇನೆ. ಎಣ್ಣೆಮರಳು ಇರುವ ಪ್ರದೇಶ ಸುಮಾರು 1,42,000 ಚದರ ಕಿಲೋಮೀಟರ್. ಮೇಲಿಂದ ಅಗೆದು ತೆಗೆಯಬಹುದಾದದ್ದು ಅದರಲ್ಲಿ 4,800 ಮಾತ್ರ. ಉಳಿದ ಕಡೆ ಬಾವಿ ಕೊರೆದು ಹಬೆ ಬಿಟ್ಟು ತೆಗೆಯುತ್ತಾರೆ. ಎಲ್ಲಿ ಕೊರೆಯಬೇಕೆಂದು ನೋಡಲು ಕಾಡಿನಲ್ಲಿ ನೇರ ಗೆರೆ ಎಳೆದ ಹಾಗೆ ಮರ ಕಡಿದು ದಾರಿ ಮಾಡಿದ್ದಾರೆ. ಇಲ್ಲಿ ಅವಕ್ಕೆ ಕಟ್ ಲೈನ್ ಎನ್ನುತ್ತಾರೆ. ವಿಮಾನದಲ್ಲಿ ಬರುವಾಗ ಕಿಟಕಿ ಪಕ್ಕ ಕೂತರೆ ಕಾಣುತ್ತವೆ, ಕಾಡಿನ ಮೇಲೆ ಚೌಕಳಿ ಹಾಸಿದ ಹಾಗೆ.

ಸಣ್ಣ ಗೆರೆ, ಏನು ಮಹಾ ಎನಿಸುತ್ತದೆ. ಆದರೆ ಯಂತ್ರದ ಭಾರಕ್ಕೆ ಮಸ್ಕೆಗ್ ತಗ್ಗಿ ನೀರು ನಿಲ್ಲುತ್ತದೆ, ಸ್ಪ್ರೂಸ್ ಸಸಿ ಬೇರೂರುವುದಿಲ್ಲ. ಕಡಿದು 40, 50 ವರ್ಷವಾದರೂ ಮರ ಬಾರದ ಗೆರೆಗಳಿವೆ. ಅದರ ಪೆಟ್ಟು ಬಿದ್ದಿರುವುದು ಕ್ಯಾರಿಬೂಗೆ. ಕಾಡಿನ ಈ ಜಿಂಕೆ ಮುದಿ ಕಾಡಿನ ಕಲ್ಲುಹೂ ತಿಂದು, ತೋಳಕ್ಕೆ ನಡೆಯಲಾಗದ ಜವುಗಿನಲ್ಲಿ ಬಚ್ಚಿಟ್ಟುಕೊಂಡು ಬದುಕಿತ್ತು. ಈಗ ಕಟ್ ಲೈನ್ ಮೇಲೆ ತೋಳ ಸಲೀಸಾಗಿ ಓಡುತ್ತದೆ. ಕಡಿದ ಜಾಗದ ಎಳೆ ಸೊಪ್ಪಿಗೆ ಮೂಸ್ ಎಂಬ ದೊಡ್ಡ ಜಿಂಕೆ, ಸಣ್ಣ ಜಿಂಕೆಗಳು ಬಂದವು, ಅವುಗಳ ಹಿಂದೆ ತೋಳ ಜಾಸ್ತಿಯಾಯಿತು. ಕ್ಯಾರಿಬೂ ಉಳಿಸಲು ಆಲ್ಬರ್ಟದಲ್ಲಿ ಹೆಲಿಕಾಪ್ಟರಿನಿಂದ ತೋಳಗಳನ್ನು ಕೊಲ್ಲುತ್ತಾರೆ. ಗೆರೆ ಎಳೆದವರು ನಾವು, ಸಾಯುವುದು ತೋಳ.

ನಮ್ಮ ಕೆಲಸ ಏನೆಂದರೆ, ನೆಲ ಹೆಪ್ಪುಗಟ್ಟಿದಾಗ ಎಕ್ಸ್‌ಕವೇಟರ್ ಒಯ್ದು ಗೆರೆ ಉದ್ದಕ್ಕೂ ಮಣ್ಣಿನ ಗುಪ್ಪೆ ಮಾಡುವುದು. ಬೇಸಿಗೆಯಲ್ಲಿ ಇನ್ನೊಂದು ತಂಡ ಬಂದು ಗುಪ್ಪೆಯ ಒಣ ತಲೆಯ ಮೇಲೆ ಸ್ಪ್ರೂಸ್ ಸಸಿ ನೆಡುತ್ತದೆ. ಅಡ್ಡಡ್ಡ ಮರ ಕೆಡವಿ ತೋಳ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿ ಎರಡಕ್ಕೂ ದಾರಿ ಕಟ್ಟುತ್ತೇವೆ. ಒಂದು ಕಿಲೋಮೀಟರ್ ಮುಗಿಸುವುದರೊಳಗೆ ಎಷ್ಟು ಡೀಸೆಲ್, ಎಷ್ಟು ಜನರ ಬೆವರು! ಗಣಿ ಮುಗಿದ ಮೇಲೆ ಕಾಡು ಮಾಡಿ ಸರ್ಕಾರದಿಂದ ಪ್ರಮಾಣಪತ್ರ ಪಡೆದ ಮೊದಲ ಜಾಗ ಗೇಟ್‌ವೇ ಹಿಲ್, 2008ರಲ್ಲಿ, 104 ಹೆಕ್ಟೇರ್. ಅಲ್ಲಿ ಈಗ ಮರಗಳಿವೆ. ಮೊದಲಿನ ಜವುಗು ಇಲ್ಲ, ಅದು ಒಣ ಗುಡ್ಡ. ನಿಮ್ಮ ತಂದೆಗೆ ಹೀಗೆ ಹೇಳಿ: ಮರ ಬರುತ್ತದೆ. ಮೊದಲಿದ್ದ ಕಾಡೇ ಬರಬೇಕೆಂದರೆ ಮೊಮ್ಮಗಳ ಮೊಮ್ಮಕ್ಕಳ ಕಾಲಕ್ಕೂ ಕಷ್ಟ.

ತುಂಗೆದಡ:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಫ್ರಿಜ್‌ನ ಕಥೆಗೆ ಅಮ್ಮ "ಅಯ್ಯೋ ಅಪ್ಪೆಮಿಡಿ" ಎಂದರು. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಗುಪ್ಪೆ ಮಾಡಿ ಸಸಿ ನೆಡುವ ಕೆಲಸಕ್ಕೆ ನಿನ್ನಂಥವನನ್ನು ತಗೊಳ್ತಾರಾ ಕೇಳು ಎಂದರು. ಇನ್ನೊಂದೂ ಕೇಳಿದರು, ಬೆಟ್ಟದಸೊಪ್ಪು ಅಕ್ಕನಿಗೆ: ಸುಟ್ಟ ಮೇಲೆ ಅಲ್ಲಿ ಮೊದಲು ಏನು ಚಿಗುರಿತು?

ಪೊನ್ನಂಪೇಟೆ_ಫಾರೆಸ್ಟ್ರಿ:

ತಗೊಳ್ತಾರೆ. ಚಳಿಗಾಲದಲ್ಲಿ ಯಂತ್ರ ಕೆಟ್ಟು ನಿಲ್ಲುವುದೇ ದೊಡ್ಡ ತಲೆನೋವು, ರಿಪೇರಿ ಗೊತ್ತಿರುವವರು ಬೇಕೇ ಬೇಕು. ಮೊದಲು ಈ ಕೆಲಸಕ್ಕೆ ಸೇರಿ ಕಾಲೂರಿ, ವೀಸಾ ಯಾವ ಕೆಲಸಕ್ಕೆ ಅವಕಾಶ ಕೊಡುತ್ತದೆ ನೋಡಿಕೊಳ್ಳಿ, ಆಮೇಲೆ ನನಗೆ ಮೆಸೇಜ್ ಮಾಡಿ.

ಬೆಟ್ಟದಸೊಪ್ಪು:

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಮೊದಲು ಬಂದದ್ದು ಫೈರ್‌ವೀಡ್, ನೇರಳೆ ಗುಲಾಬಿ ಬಣ್ಣದ ಉದ್ದ ಹೂಗೊಂಚಲು. ನಾವು ಜೂನಿನಲ್ಲಿ ಬಂದಾಗಲೇ ಬೂದಿಯಲ್ಲಿ ಕೆಂಪು ಕುಡಿ ಕಾಣುತ್ತಿತ್ತು. ಆಸ್ಪೆನ್ ಮೇಲೆ ಸುಟ್ಟರೂ ಬೇರು ಸಾಯುವುದಿಲ್ಲ, ಅದೇ ಬೇಸಿಗೆಗೆ ಬುಡದಿಂದ ಎದ್ದಿತು. ಮರುವರ್ಷ ವಸಂತಕ್ಕೆ ಸುಟ್ಟ ನೆಲದ ತುಂಬ ಮೊರೆಲ್ ಅಣಬೆ, ಜೇನುಗೂಡಿನ ಹಾಗೆ ತೂತು ತೂತು. ಕೋಕುಮ್ ಒಂದು ಬುಟ್ಟಿ ಕಿತ್ತು ತಂದು ಬಾಗಿಲು ತಟ್ಟಿದರು. ಹಸಿಯಾಗಿ ತಿನ್ನಬಾರದು, ಚೆನ್ನಾಗಿ ಬೇಯಿಸಬೇಕು ಎಂದು ಮೂರು ಸಲ ಹೇಳಿದರು. ನಾನು ಕಾಯಿ ರುಬ್ಬಿ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟೆ. ಅವರೂ ಕೂತು ಅನ್ನದ ಜೊತೆ ಉಂಡರು.

ನಿಮ್ಮ ವಿಮಾನ ಯಾವತ್ತು ಎಂದು ತಿಳಿಸಿ. ಮಗಳಿಗೆ ಹಿಮದ ಬೂಟು, ಸ್ನೋ ಸೂಟ್ ಕೊಳ್ಳಬೇಡಿ, ನಮ್ಮ ಡೇಕೇರ್‌ನಲ್ಲಿ ಮಕ್ಕಳು ಬೆಳೆದು ಬಿಟ್ಟುಹೋದವು ಚೆನ್ನಾಗಿಯೇ ಇವೆ. ಸೂಟ್‌ಕೇಸಿನಲ್ಲಿ ಜಾಗ ಉಳಿದರೆ ಒಂದು ಕರಿ ಕಂಬಳಿ ತನ್ನಿ, ಕೋಕುಮ್‌ಗೆ ಕೊಡಬೇಕು ಎಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೇನೆ.